ಮೂಗಿನ ಮೇಲೆ ಮೊದಲ ಬಿಳಿ

ಶೆಂಗ್‌ಶಿಯಾನ್,
ಅಕ್ಟೋಬರ್ 19, 1994, ಬುಧವಾರ

ಲಾವೊ ಫಾಂಗ್,

ಪತ್ರದ ತಲೆಯ ಮೇಲೆ ಏನು ಹಾಕಬೇಕೆಂದು ಅರ್ಧ ಗಂಟೆ ಒದ್ದಾಡಿದೆ. 'ಪ್ರಿಯ' ಎಂದರೆ ನಿನಗೆ ಮುಜುಗರ, 'ಮಾನ್ಯ ನಿರ್ದೇಶಕರೇ' ಎಂದರೆ ನನಗೆ ನಗು. ಹಾಗಾಗಿ ನಾಟಕದ ತಂಡದಲ್ಲಿ ಕರೆಯುತ್ತಿದ್ದ ಹಾಗೆಯೇ ಕರೆದಿದ್ದೇನೆ. ನಿನಗೆ ಅರವತ್ತೆಂಟಾಯಿತು, ಯುರೋಪಿನವರು ಕರೆದು ಬಹುಮಾನ ಕೊಟ್ಟರು, ಎಲ್ಲ ಸರಿ. ಆದರೂ ಏಕವಚನವೇ. ತಂಡಕ್ಕೆ ನಾನು ನಿನಗಿಂತ ಒಂಬತ್ತು ವರ್ಷ ಮೊದಲು ಸೇರಿದವಳು. ಬೇರೆ ಏನು ಬಿಟ್ಟುಕೊಟ್ಟರೂ ಆ ಹಿರಿತನವನ್ನು ನಾನು ಬಿಟ್ಟುಕೊಟ್ಟಿಲ್ಲ.

ಕ್ಷೇಮವೇ ಎಂದು ಕೇಳುವುದಿಲ್ಲ. ನೀನು ಕ್ಷೇಮವಾಗಿಲ್ಲ ಎಂದು ನಿನ್ನ ಮ್ಯಾನೇಜರ್ ಪಾನ್ ನಿನ್ನೆ ಬಂದು ಹೇಳಿಹೋಗಿದ್ದಾರೆ. ಕೈಯಲ್ಲಿ ಎರಡು ಚಕೋತ, ಕಂಕುಳಲ್ಲಿ ಇಟ್ಟಿಗೆಯಷ್ಟು ದಪ್ಪದ ಫೋನು, ಹಣೆಯ ತುಂಬ ಬೆವರು. ಅಂಗಳದ ಬಿದಿರು ಕುರ್ಚಿಯಲ್ಲಿ ಕೂತರು, ಕುರ್ಚಿ ಕಿರ್ ಎಂದಿತು. "ಅಮ್ಮಾ, ನಾನಿಲ್ಲಿಗೆ ಬಂದಿರೋದು ಡೈರೆಕ್ಟರಿಗೆ ಗೊತ್ತಿಲ್ಲ. ಗೊತ್ತಾದ್ರೆ ನನ್ ಚರ್ಮ ಸುಲೀತಾರೆ" ಎಂದರು. "ಸುಲೀಲಿ ಬಿಡಿ, ನಿಮ್ಮತ್ರ ಬೇಕಾದಷ್ಟಿದೆ" ಎಂದೆ. ಪಾಪ, ನಕ್ಕರು. ಒಳ್ಳೆಯ ಮನುಷ್ಯ, ಅವರನ್ನು ಬೈಯಬೇಡ.

ಅವರು ಹೇಳಿದ್ದನ್ನು ಹಾಗೆ ಹಾಗೆಯೇ ನಿನಗೆ ಒಪ್ಪಿಸುತ್ತೇನೆ, ಯಾಕೆಂದರೆ ನೀನು ಹೊರಗೆ ನಿಂತಿದ್ದಾಗ ಒಳಗೆ ಏನು ನಡೆಯಿತು ಎಂದು ನಿನಗೇ ಪೂರ್ತಿ ತಿಳಿದಂತಿಲ್ಲ. ದೋಣಿಯಲ್ಲಿ ಊರೂರು ತಿರುಗಿ ನಾಟಕ ಆಡುತ್ತಿದ್ದ ನಮ್ಮ ಹೆಂಗಸರ ದೋಣಿ ತಂಡದ ಮೇಲೆ ನೀನು ಸಿನಿಮಾ ತೆಗೆಯುತ್ತಿದ್ದೀಯ. ಇದೇ ನಿನ್ನ ಕೊನೆಯದು ಎಂದು ಎಲ್ಲರಿಗೂ ಹೇಳಿದ್ದೀಯಂತೆ. ನಿನ್ನ ಹುಟ್ಟೂರು ಆನ್‌ಛಾಂಗ್‌ನ ಹೊಳೆದಂಡೆಯ ಹಳೆಯ ರಂಗಮಂಟಪಕ್ಕೆ ಸುಣ್ಣ ಬಳಿಸಿ, ನಾಲ್ಕು ಊರುಗಳಿಂದ ನಮ್ಮ ಹಳೆಯ ಹೆಂಗಸರು ಎಂಟು ಜನರನ್ನು ಕರೆಸಿದ್ದೀಯ. ಒಬ್ಬಳಿಗೂ ಅರವತ್ತಕ್ಕೆ ಕಡಿಮೆಯಿಲ್ಲ. ಭಾನುವಾರ ಬೆಳಗ್ಗೆ ವೇಷಭೂಷಣಕ್ಕೆಲ್ಲ ಇಸ್ತ್ರಿ ಹಾಕಿಸಿ, ಬಣ್ಣದ ಪೆಟ್ಟಿಗೆ ತೆಗೆದಿಟ್ಟು, ಸಾಲಾಗಿ ಕನ್ನಡಿ ಜೋಡಿಸಿದರಂತೆ. ಎಂಟೂ ಜನ ಕನ್ನಡಿಯ ಮುಂದೆ ಕೂತು ಕೈ ಮಡಚಿಕೊಂಡರಂತೆ.

ಮುಂದಿನದನ್ನು ಪಾನ್ ಬಾಯಲ್ಲೇ ಕೇಳು: "ಮೇಕಪ್ ಶುರು ಮಾಡ್ರಮ್ಮ ಅಂದೆ. ಸೂಯುನ್ ಅಮ್ಮ, 'ಕಾಯ್ತಾ ಇದೀವಿ' ಅಂದ್ರು. ಚಹಾನಾ, ತಿಂಡಿನಾ ಅಂದೆ. ಆಮೇಲೆ ಡೈರೆಕ್ಟರೇ ಬಂದು 'ಯಾರನ್ನ ಕಾಯ್ತಿದೀರಿ' ಅಂದ್ರು. 'ಅದು ನಿಂಗೇ ಗೊತ್ತಿರ್ಬೇಕಲ್ಲಪ್ಪ, ಕಥೆ ಬರ್ದೋನು ನೀನು' ಅಂದ್ಬಿಟ್ರು ಸೂಯುನ್ ಅಮ್ಮ. ಡೈರೆಕ್ಟರು ಹಂಗೇ ಎದ್ದುಹೋಗಿ ಹೊಳೆ ಕಡೆ ಮುಖ ಮಾಡ್ಕೊಂಡು ನಿಂತ್ರು. ಎರಡು ಗಂಟೆ ನಿಂತಿದ್ರಮ್ಮ."

ಪಾನ್ ಶಾಂಘೈನವರು, ಹುಟ್ಟಾ ಸಿನಿಮಾದವರು. ಅವರಿಗೆ ಹೇಗೆ ಗೊತ್ತಾಗಬೇಕು. ನಾನೇ ಬಿಡಿಸಿ ಹೇಳಿದೆ. ತಂಡದಲ್ಲಿ ವಿದೂಷಕ ಕುಂಚ ಎತ್ತಿ ತನ್ನ ಮೂಗಿನ ಮೇಲೆ ಮೊದಲ ಬಿಳಿ ಹಚ್ಚುವವರೆಗೆ ರಾಜನೂ ಬಣ್ಣ ಮುಟ್ಟುವಂತಿಲ್ಲ, ರಾಣಿಯೂ ಮುಟ್ಟುವಂತಿಲ್ಲ. ಯಾವುದೋ ಕಾಲದ ಚಕ್ರವರ್ತಿಯೊಬ್ಬ ಸ್ವತಃ ವಿದೂಷಕನ ಪಾರ್ಟು ಕಟ್ಟುತ್ತಿದ್ದನಂತೆ, ಅವನ ಮರ್ಯಾದೆ ನನ್ನಂಥ ವಿದೂಷಕರಿಗೆ ಉಳಿದುಬಂದಿದೆ. ಬೇರೆಯವರಿಗೆ ಕೂರಲು ಅವರವರ ಪೆಟಾರಿ ಗೊತ್ತುಮಾಡಿರುತ್ತದೆ, ನಾವು ಎಲ್ಲಿ ಬೇಕಾದರೂ ಕೂರಬಹುದು. ಸಂಬಳ ಬಿಟ್ಟು ಮಿಕ್ಕಿದ್ದರಲ್ಲೆಲ್ಲ ನಾವೇ ಮೊದಲು. ಪಾನ್ ಬಾಯಿ ತೆರೆದು ಕೇಳಿಸಿಕೊಂಡು, "ಹಂಗಾದ್ರೆ ನಮ್ ಶೂಟಿಂಗು ನಿಂತಿರೋದು ನಿಮ್ಮೊಬ್ರಿಂದ" ಎಂದರು.

ನೀನೂ ಪಾನ್ ಅವರೂ ಉಪಾಯ ಮಾಡಲಿಲ್ಲ ಎಂದಲ್ಲ. ಸೋಮವಾರ ಟಿ.ವಿ.ಯ ಹಾಸ್ಯನಟನೊಬ್ಬನನ್ನು ಕಾರಿನಲ್ಲಿ ಕರೆತಂದಿರಂತೆ. ಅವನು ಬಂದು ಎಲ್ಲರಿಗೂ ನಮಸ್ಕಾರ ಹೇಳಿ, ಮೂಗಿನ ಮೇಲೆ ದುಂಡಗೆ ಬಿಳಿ ಹಚ್ಚಿಕೊಂಡನಂತೆ. ನಮ್ಮವರು ಚಪ್ಪಾಳೆ ತಟ್ಟಿ, ಮತ್ತೆ ಕೈ ಮಡಚಿ ಕೂತರಂತೆ. ಸೂಯುನ್ ಅವನನ್ನು ಹತ್ತಿರ ಕೂರಿಸಿಕೊಂಡು, "ಮೂಗು ಬಹಳ ಚೆನ್ನಾಗಿದೆ ಕಣಪ್ಪ. ಆದ್ರೆ ನೀನು ನಮ್ ದೋಣೀಲಿ ಬಂದೋನಲ್ವಲ್ಲ" ಎಂದಳಂತೆ. ಸೂಯುನ್ ಹೇಗೆಂದು ನಿನಗೆ ಗೊತ್ತು. ನಲವತ್ತು ವರ್ಷ ರಾಜಕುಮಾರನ ಪಾರ್ಟು ಮಾಡಿ ಮಾಡಿ ಅವಳಿಗೆ ಈಗಲೂ ತಾನು ಇಪ್ಪತ್ತರ ಹುಡುಗನೆಂಬ ಭ್ರಮೆ ಹೋಗಿಲ್ಲ. ಕನ್ನಡಿ ಕಂಡರೆ ಅಲ್ಲಿಂದ ಕದಲುವುದಿಲ್ಲ. ಅಂಥವಳು ಮೂರು ದಿನ ಕನ್ನಡಿಯ ಮುಂದೆ ಬರೀ ಮುಖದಲ್ಲಿ ಕೂತಿದ್ದಾಳೆ ಎಂದರೆ ವಿಷಯ ಸಣ್ಣದಲ್ಲ ಎಂದು ತಿಳಿ.

ತಿಂಗಳ ಕೊನೆಗೆ ಸ್ಟುಡಿಯೋದವರು ಕ್ಯಾಮೆರಾ ವಾಪಸ್ ಒಯ್ಯುತ್ತಾರಂತೆ. ಅಷ್ಟರಲ್ಲಿ ಮುಗಿಯದಿದ್ದರೆ ಸಿನಿಮಾ ಇಲ್ಲ ಎಂದು ಪಾನ್ ಹೇಳಿದರು. ನಾನು ಒಂದೇ ಪ್ರಶ್ನೆ ಕೇಳಿದೆ. ದೋಣಿಯಲ್ಲಿ ನಾವು ಒಂಬತ್ತು ಜನ ಇದ್ದೆವು, ನಿಮ್ಮ ಡೈರೆಕ್ಟರ ಕಥೆಯಲ್ಲಿ ಎಂಟೇ ಜನ ಯಾಕೆ ಎಂದು. ಪಾನ್ ಚಹಾದ ಲೋಟವನ್ನು ಆಚೆ ಈಚೆ ತಿರುಗಿಸಿದರು. "ನಾನೂ ಒಂದ್ಸಲ ಕೇಳ್ದೆ ಅಮ್ಮಾ. 'ಅವಳನ್ನ ಇನ್ನೊಂದ್ಸಲ ಕ್ಯಾಮೆರಾ ಮುಂದೆ ನಿಲ್ಸೋ ಮುಖ ನಂಗಿಲ್ಲ' ಅಂದ್ರು" ಎಂದರು.

ಅದಾದ ಮೇಲೆ ಅವರು ಆ ಇಟ್ಟಿಗೆಯ ಗುಂಡಿ ಒತ್ತಿ ನನ್ನ ಕಿವಿಗೆ ಹಿಡಿದದ್ದು, ಆ ಕಡೆ ನೀನು ಉಸಿರಾಡಿದ್ದು. ಮೂವತ್ತೆರಡು ವರ್ಷವಾಗಿತ್ತು ನಾವು ಮಾತಾಡಿ. ಎಷ್ಟೆಲ್ಲ ಹೇಳಬೇಕೆಂದು ಕಂಠಪಾಠ ಮಾಡಿಟ್ಟಿದ್ದೆ. ಬಾಯಿಗೆ ಬಂದದ್ದು "ಊಟ ಆಯ್ತಾ" ಎಂಬುದು. ನೀನು "ಆಯ್ತು" ಎಂದೆ. ಆಮೇಲೆ ಫೋನು ಗೊರಗೊರ ಎಂದು ನಿಂತುಹೋಯಿತು. ನಿನ್ನ ಊಟ ಆಗಿರಲಿಲ್ಲ ಎಂದು ಧ್ವನಿಯಲ್ಲೇ ಗೊತ್ತಾಯಿತು. ಆದ್ದರಿಂದ ಈ ಪತ್ರ.

ಪಾನ್ ಹೊರಡುವಾಗ ಒಂದು ಪುಸ್ತಕದ ಕರಡು ಬಿಟ್ಟುಹೋದರು. ನಿನ್ನ ಜೀವನ ಮತ್ತು ಸಾಧನೆ, ಸಿನಿಮಾ ಬಿಡುಗಡೆಯ ದಿನ ಹಂಚಲಿಕ್ಕೆ. ರಾತ್ರಿಯವರೆಗೂ ಕಾಯದೆ ಕೂತಲ್ಲೇ ಓದಿ ಮುಗಿಸಿದೆ. ಅದರಲ್ಲಿರುವ ಫಾಂಗ್ ಯಾನ್‌ಚಿಂಗ್ ಎಂಬ ಮಹಾನುಭಾವರ ಪರಿಚಯ ನನಗಿಲ್ಲ. ಕೆಲವು ತಪ್ಪುಗಳನ್ನು ತಿದ್ದುತ್ತಿದ್ದೇನೆ, ಅಚ್ಚಿಗೆ ಹೋಗುವ ಮುಂಚೆ ಸರಿಪಡಿಸಿಕೋ.

'ಬಾಲ್ಯದಿಂದಲೂ ರಂಗಭೂಮಿಯ ಸೆಳೆತ' ಎಂದಿದೆ. ಸುಳ್ಳು. ನೀನು ಸೋಯಾ ರಸ ಮಾರುವವರ ಮಗ, ಮೇಷ್ಟರಾಗಲು ಓದಿದವನು. 1950ರಲ್ಲಿ ಸರ್ಕಾರದವರು ನಮಗೆ ಅಕ್ಷರ ಕಲಿಸಲು ಕಳಿಸಿದ್ದರು. ಇಪ್ಪತ್ತನಾಲ್ಕು ವರ್ಷ, ಕೋಲಿನಂಥ ಕತ್ತು, ಜೇಬಿನಲ್ಲಿ ಎರಡು ಪೆನ್ನು. ದೋಣಿಗೆ ಹತ್ತುವಾಗಲೇ ಒಂದು ಪೆನ್ನು ನೀರಿಗೆ ಬಿತ್ತು. ಅಲ್ಲಿಯವರೆಗೆ ನಮ್ಮ ನಾಟಕಕ್ಕೆ ಪುಸ್ತಕವೇ ಇರಲಿಲ್ಲ. ಯಾವ ಸೀನಿನಲ್ಲಿ ಯಾರು ಬರುತ್ತಾರೆ ಎಂದು ಒಂದು ಚೀಟಿಯನ್ನು ಪರದೆಯ ಹಿಂದೆ ನೇತುಹಾಕುತ್ತಿದ್ದರು, ಮಿಕ್ಕದ್ದು ನಮ್ಮ ನಾಲಿಗೆಯ ಮೇಲೆ. ನೀನು ಬಂದು ನಮ್ಮ ಮಾತನ್ನೆಲ್ಲ ಬರೆದುಕೊಂಡೆ. ಆಮೇಲೆ ಒಂದು ದಿನ "ಇವತ್ತಿಂದ ನಾನು ನಿರ್ದೇಶಕ" ಎಂದೆ.

"ನಿರ್ದೇಶಕ ಅಂದ್ರೆ ಏನ್ ಮಾಡ್ತಾರೆ ಮೇಷ್ಟ್ರೇ" ಎಂದು ಸೂಯುನ್ ಕೇಳಿದ್ದಳು.

"ಎದುರಿಗೆ ಕೂತು ನೋಡ್ತಾರೆ."

"ನೋಡಕ್ಕೆ ಜನ ಬರ್ತಾರಲ್ಲ, ದುಡ್ಡು ಬೇರೆ ಕೊಡ್ತಾರೆ."

ಆ ದಿನ ನಿನ್ನ ಕಿವಿ ಕೆಂಪಾದದ್ದು ನೋಡಿ ನನಗೆ ಅಯ್ಯೋ ಅನ್ನಿಸಿತು. ನಮ್ಮ ಮದುವೆಯ ಬೀಜ ಬಿದ್ದದ್ದು ಅಲ್ಲೇ ಎಂದು ಕಾಣುತ್ತದೆ.

'ಮೊದಲ ಪ್ರಯೋಗದಲ್ಲೇ ಅಪಾರ ಯಶಸ್ಸು' ಎಂಬುದೂ ಸುಳ್ಳು. ಮೊದಲ ಪ್ರಯೋಗ ನಿಂತೇ ಹೋಗುವುದರಲ್ಲಿತ್ತು. ಯಾರು ಎಲ್ಲಿ ನಿಲ್ಲಬೇಕೆಂದು ಹಲಗೆಯ ಮೇಲೆ ಗುರುತು ಹಾಕಲು ನಿನಗೆ ಸೀಮೆಸುಣ್ಣ ಸಿಗಲಿಲ್ಲ. ಸೀದಾ ಬಂದು ಬಣ್ಣದ ಪೆಟ್ಟಿಗೆಯಿಂದ ನನ್ನ ಕುಂಚ ಎತ್ತಿ, ಬಿಳಿಯಲ್ಲಿ ಅದ್ದಿ, ರಂಗದ ತುಂಬ ಕಾಟು ಹಾಕುತ್ತ ಹೋದೆ. ಪ್ರಪಂಚದಲ್ಲಿ ಇನ್ಯಾವ ನಿರ್ದೇಶಕನೂ ಈ ತಪ್ಪು ಮಾಡಿರಲಾರ. ಹಿರಿಯ ನಟಿ ಮೂರ್ಛೆ ಬೀಳುವ ಹಾಗಾದಳು. ಇವತ್ತು ಆಟವಿಲ್ಲ, ದೋಣಿ ಬಿಚ್ಚಿ ಎಂದು ಒಬ್ಬಳು ಕಿರುಚಿದಳು. ಹೊಳೆಯಲ್ಲಿ ಆಗಲೇ ನೂರು ದೋಣಿಗಳಲ್ಲಿ ಜನ ಬಂದು ಕಾದಿದ್ದರು. ನಾನು ಓಡಿಬಂದು ಹಲಗೆಯ ಮೇಲಿದ್ದ ಹಸಿ ಕಾಟಿಗೆ ಮೂಗು ಒತ್ತಿ ಎದ್ದು ನಿಂತೆ. "ಬಿಳಿ ಮೊದ್ಲು ಹಚ್ಕೊಂಡಿದ್ದು ನಾನೇ. ಮೇಷ್ಟ್ರು ನನ್ ಕೈಯಾಳು, ನಾನ್ ಹೇಳಿದ್ದಕ್ಕೆ ಅದ್ದಿದ್ದು" ಎಂದೆ. ಯಾರೂ ನಂಬಲಿಲ್ಲ, ಆದರೆ ನನ್ನ ಮೂಗು ನೋಡಿ ಎಲ್ಲರೂ ನಕ್ಕರು. ನಕ್ಕ ಮೇಲೆ ಜಗಳಕ್ಕೆ ಜೀವ ಇರಲಿಲ್ಲ. ಆಟ ನಡೆಯಿತು. ನಿನ್ನ ಅಪಾರ ಯಶಸ್ಸು ಇದು.

'ಆರಂಭದ ವರ್ಷಗಳಲ್ಲಿ ವಿವಾಹವಾಗಿತ್ತು' ಎಂದು ಒಂದು ಸಾಲು ಬರೆಸಿದ್ದೀಯ. 'ಆಗಿತ್ತು' ಎಂಬುದನ್ನು ತೆಗೆಸು. ನಾನು ವಿಚ್ಛೇದನದ ಕಾಗದಕ್ಕೆ ಸಹಿ ಹಾಕಿಲ್ಲ, ನೀನು ಕಳಿಸಿಯೂ ಇಲ್ಲ.

ಶಾಂಘೈಗೆ ಹೋದದ್ದು, ಸ್ಟುಡಿಯೋ ಸೇರಿದ್ದು, ಮೂರು ವರ್ಷ ಇನ್ನೊಬ್ಬ ನಿರ್ದೇಶಕನ ಕೊಡೆ ಹಿಡಿದದ್ದು, ಇವೆಲ್ಲ ಸರಿಯಾಗಿವೆ. 1962ಕ್ಕೆ ಬಂದಾಗ ಪುಸ್ತಕ ಮತ್ತೆ ಜಾರುತ್ತದೆ. 'ತಮ್ಮ ತಂಡದ ನಾಟಕವನ್ನೇ ಚಿತ್ರವಾಗಿಸಿ ದೇಶಾದ್ಯಂತ ಮನೆಮಾತಾದರು' ಎಂದಿದೆ. ಆಗಿರಬಹುದು. ನಮ್ಮ ಬೀದಿಯಲ್ಲಿ ಏನಾಯಿತು ಎಂದು ನಾನು ನಿನಗೆ ಯಾವತ್ತೂ ಹೇಳಿಲ್ಲ. ಈಗ ಹೇಳುತ್ತೇನೆ.

ಆ ವಾರ ನಾನು ತವರಿಗೆ ಬಂದಿದ್ದೆ. ಶೆಂಗ್‌ಶಿಯಾನ್‌ನ ಚಿತ್ರಮಂದಿರಕ್ಕೆ ನಮ್ಮ ಇಡೀ ಬೀದಿಯನ್ನು ಕರೆದುಕೊಂಡು ಹೋದೆ. ಅಮ್ಮ ಮುಂದಿನ ಸಾಲಿನಲ್ಲಿ ಹೊಸ ರವಿಕೆ ತೊಟ್ಟು ಕೂತಳು. ಲಂಚಕೋರ ಅಧಿಕಾರಿಯ ಪಾರ್ಟು ನನ್ನದು, ಒಟ್ಟು ಮೂರು ಸೀನು, ಕ್ಯಾಮೆರಾದ ಮುಂದೆ ಹದಿನಾರು ದಿನ ಮಾಡಿದ್ದೆ. "ಈಗ ಬರ್ತಾಳೆ ನೋಡಿ, ಈಗ ಬರ್ತಾಳೆ" ಎಂದು ಅಮ್ಮ ಎಲ್ಲರಿಗೂ ಹೇಳುತ್ತಲೇ ಇದ್ದಳು. ಸಿನಿಮಾ ಮುಗಿದು ದೀಪ ಬಂತು. ನಾನು ಬರಲಿಲ್ಲ.

ಹೊರಗೆ ಬಂದಾಗ ತೋಫು ಮಾರುವ ಪಕ್ಕದ ಮನೆಯವಳು ನನ್ನ ಕೈ ಹಿಡಿದುಕೊಂಡು, "ಎಲ್ಲಿದ್ದೆ ಹೆಹ್ವಾ? ವೇಷದಲ್ಲಿ ಗುರುತೇ ಸಿಗ್ಲಿಲ್ಲ ಕಣೆ" ಎಂದಳು. "ಅಂಬಿಗ ಮುದುಕನ ಹಿಂದೆ ಒಂದು ಮರ ಇತ್ತಲ್ಲಕ್ಕ, ಅದು ನಾನೇ" ಎಂದೆ. "ಅದಕ್ಕೇ ಅಂದ್ಕೊಂಡೆ, ಎಷ್ಟು ಚೆನ್ನಾಗಿ ಅಲ್ಲಾಡ್ದೆ ನಿಂತಿದ್ದೆ" ಎಂದಳು. ಬೀದಿಯೆಲ್ಲ ನಕ್ಕಿತು, ನಾನೂ ನಕ್ಕೆ. ಆಮೇಲೆ ನಿನಗೆ ತಂತಿ ಕೊಟ್ಟೆ: ಹತ್ತಿಯ ರಜಾಯಿ ಕಳಿಸು, ನಾನು ಬರುವುದಿಲ್ಲ. ನೀನು ರಜಾಯಿ ಕಳಿಸಿದೆ. ಒಂದು ಸಾಲು ಬರೆಯಲಿಲ್ಲ.

ಮೂವತ್ತೆರಡು ವರ್ಷ ನಾನು ಎಲ್ಲರಿಗೂ ಹೇಳಿಕೊಂಡು ಬಂದದ್ದು ಒಂದೇ: ದೊಡ್ಡ ಮನುಷ್ಯನಾಗಲು ಹೆಂಡತಿಯನ್ನೇ ಕತ್ತರಿಸಿ ಎಸೆದ. ಕೇಳಿದವರಿಗೆಲ್ಲ ಈ ಕಥೆ ಬಹಳ ಹಿಡಿಸುತ್ತಿತ್ತು, ನನಗೂ ಹೇಳಿ ಹೇಳಿ ರೂಢಿಯಾಯಿತು. ಆದರೆ ಇದು ನಿಜವಲ್ಲ ಎಂದು ನನಗೆ 1981ರಿಂದಲೂ ಗೊತ್ತು. ನಿನ್ನ ಸ್ಟುಡಿಯೋದಲ್ಲಿ ಸಿನಿಮಾ ಜೋಡಿಸುತ್ತಿದ್ದ ಹೆಂಗಸೊಬ್ಬರು ನಿವೃತ್ತರಾದ ಮೇಲೆ ನಮ್ಮ ಆಟ ನೋಡಲು ಬಂದಿದ್ದರು. ಅಧಿಕಾರಿಯನ್ನು ನೋಡಿ ಜನ ಅಷ್ಟು ಹೊತ್ತು ನಗುವುದು ಒಳ್ಳೆಯದಲ್ಲ ಎಂದು ಮೇಲಿನವರು ಹೇಳಿದ್ದು, ನೀನು ಹನ್ನೊಂದು ದಿನ ಅವರ ಬಾಗಿಲ ಮುಂದೆ ಕೂತದ್ದು, ಕೊನೆಗೆ ಬೇರೆ ಯಾರೂ ಮುಟ್ಟಕೂಡದೆಂದು ನೀನೇ ಕತ್ತರಿ ಹಿಡಿದದ್ದು, ಎಲ್ಲವನ್ನೂ ಹೇಳಿದರು. ನಾನು ಅವರಿಗೆ ಅಕ್ಕಿ ಹಲ್ವ ಕಟ್ಟಿಕೊಟ್ಟು ಕಳಿಸಿದೆ. ನಿನಗೆ ಬರೆಯಲಿಲ್ಲ. ಅಷ್ಟು ವರ್ಷ ಚೆನ್ನಾಗಿ ನಡೆದ ಕಥೆಯನ್ನು ಬಿಟ್ಟುಕೊಡಲು ಮನಸ್ಸು ಬರಲಿಲ್ಲ, ಅದೇ ಕಾರಣ. ಇಷ್ಟು ದಿನಕ್ಕೆ ಒಪ್ಪಿಕೊಳ್ಳುತ್ತಿದ್ದೇನೆ.

ಆದರೆ ಕೇಳು. ಕತ್ತರಿಸಿದ್ದಕ್ಕೆ ನನಗೆ ಸಿಟ್ಟು ಬಂದಿರಲಿಲ್ಲ. ನಾನು ವಿದೂಷಕಿ, ಕೊಳೆತ ಮೂಲಂಗಿ ಮುಖಕ್ಕೆ ಬಿದ್ದರೂ ಎತ್ತಿಕೊಂಡು ಇನ್ನೊಂದು ಜೋಕು ಮಾಡಿದವಳು. ನೀನು ನನಗೆ ಮೊದಲೇ ಹೇಳಿದ್ದರೆ ನಾನು ಬೀದಿಯನ್ನು ಕರೆದುಕೊಂಡು ಹೋಗುತ್ತಿರಲಿಲ್ಲ, ಅಮ್ಮ ಹೊಸ ರವಿಕೆ ಹೊಲಿಸುತ್ತಿರಲಿಲ್ಲ. ನಾನು ಅಳುತ್ತೇನೆಂದು ಹೆದರಿ ನೀನು ಬಾಯಿ ಮುಚ್ಚಿಕೊಂಡೆ. ನಾನು ನಿನ್ನೆದುರು ಅತ್ತು ಮುಗಿಸಬೇಕಾದದ್ದನ್ನು ಇಡೀ ಬೀದಿಯೆದುರು ನಕ್ಕು ಮುಗಿಸಿದೆ. ಅದು ನನಗೆ ನೋವಾಯಿತು, ಈಗಲೂ ಆಗುತ್ತದೆ.

ತಿದ್ದುಪಡಿ ಇನ್ನೂ ಇವೆ. 'ಹಲವು ವರ್ಷ ಗ್ರಾಮೀಣ ಜೀವನದ ಅನುಭವ ಪಡೆದರು' ಎಂದಿದೆ. ಮೇಲಿನವರು ಶಿಕ್ಷೆಗೆಂದು ಹಳ್ಳಿಗೆ ಅಟ್ಟಿದರು, ಅಲ್ಲಿ ಹಂದಿ ಮೇಯಿಸಿದರು ಎಂದು ಬರೆಸು, ನಾಚಿಕೆ ಯಾಕೆ. ಹಂದಿಗಳಿಗೆ ಹೆಸರಿಟ್ಟು, ಊಟಕ್ಕೆ ಸಾಲಾಗಿ ಬರುವ ಹಾಗೆ ತಾಲೀಮು ಕೊಡಿಸಿದ್ದೆಯಂತೆ, ಅದನ್ನು ನೋಡಲು ಪಕ್ಕದ ಹಳ್ಳಿಯವರು ಬರುತ್ತಿದ್ದರಂತೆ. ನಿನ್ನ ಜೀವನದಲ್ಲಿ ಹೇಳಿದ ಮಾತು ಕೇಳಿದ ಕಲಾವಿದರು ಅವರೇ ಇರಬೇಕು. ಅದೇ ಪುಟದಲ್ಲಿ ಇನ್ನೊಂದು ಸಾಲು: 'ಆ ಕಷ್ಟದ ದಿನಗಳಲ್ಲಿ ಅಪರಿಚಿತ ಅಭಿಮಾನಿಯೊಬ್ಬರು ಒಣಗಿಸಿದ ಬಿದಿರಿನ ಮೊಳಕೆ ಕಳಿಸುತ್ತಿದ್ದರು, ಉಪ್ಪು ತುಸು ಹೆಚ್ಚಿರುತ್ತಿತ್ತು.' ಆ ಅಪರಿಚಿತ ಅಭಿಮಾನಿ ನಾನು. ಅಣ್ಣನ ಹೆಸರಿನಲ್ಲಿ ಕಳಿಸುತ್ತಿದ್ದೆ. ದಾರಿಯಲ್ಲಿ ಕೆಡಬಾರದೆಂದು ಉಪ್ಪು ಹಾಕಿದರೆ ಅದನ್ನು ಪುಸ್ತಕದಲ್ಲಿ ಬರೆಸುತ್ತೀಯಲ್ಲ.

ಹಳ್ಳಿಯಿಂದ ವಾಪಸ್ ಬಂದು ನೀನು ತೆಗೆದ ಅಂಬಿಗನ ಸಿನಿಮಾವನ್ನು ನಾನು ನಾಲ್ಕು ಸಲ ನೋಡಿದೆ. ಅವನು ಒಬ್ಬನೇ ಕೂತು ಅನ್ನ ತಿನ್ನುತ್ತ, ಯೋಚನೆ ಹತ್ತಿದಾಗ ಚಾಪ್‌ಸ್ಟಿಕ್ಕಿನ ತುದಿಯಿಂದ ಕಿವಿಯ ಹಿಂದೆ ಕೆರೆದುಕೊಳ್ಳುತ್ತಾನೆ. ಎಷ್ಟು ಸಹಜ ಅಭಿನಯ ಎಂದು ಪತ್ರಿಕೆಗಳು ಹೊಗಳಿದವು. ನನ್ನ ಆ ಚಾಳಿಯನ್ನು ನೀನು ಎಲ್ಲಿ ಕದ್ದೆ ಎಂದು ನಮ್ಮ ಮನೆಯ ಊಟದ ಮೇಜಿಗೆ ಗೊತ್ತು. ಮೊದಲನೇ ಸಲ ನೋಡಿದಾಗ ನಗು ಬಂತು. ಮಿಕ್ಕ ಮೂರು ಸಲ ಅತ್ತೆ. ಬಹುಮಾನ ತೆಗೆದುಕೊಳ್ಳುವ ಫೋಟೋದಲ್ಲಿ ನಿನ್ನ ಟೈ ಸೊಟ್ಟಗಿದೆ, ಅದನ್ನಾದರೂ ಬದಲಾಯಿಸಿ ಹಾಕಿಸು.

ಈಗ ವಿಷಯಕ್ಕೆ ಬರುತ್ತೇನೆ. ನಾನು ಬರುತ್ತೇನೆ, ಲಾವೊ ಫಾಂಗ್. ಶನಿವಾರ ಮೊದಲ ಬಸ್ಸಿಗೆ. ಪಾನ್ ಅವರನ್ನು ಕಳಿಸಬೇಡ, ನಿಲ್ದಾಣಕ್ಕೆ ನೀನೇ ಬಾ.

ನಿನ್ನ ಕಥೆಯಲ್ಲಿ ಒಂಬತ್ತನೆಯವಳನ್ನು ಬರಿ. ನನ್ನ ಮೇಲಿನ ದಯೆಗೆ ಬೇಡ. ವಿದೂಷಕ ಇಲ್ಲದ ದೋಣಿ ತಂಡ ಎಲ್ಲಾದರೂ ಇತ್ತೇನು? ಸೂಯುನ್ ಒಂದು ವಿರಹದ ಹಾಡು ಹಿಡಿದರೆ ಮುಕ್ಕಾಲು ಗಂಟೆ, ಆಮೇಲೆ ದೋಣಿಗಳಲ್ಲಿ ಮಲಗಿದವರನ್ನು ಎಬ್ಬಿಸುವವರು ಯಾರು? ಮತ್ತೆ, ನನ್ನನ್ನು ಕತ್ತರಿಸಬೇಕಾಗಿ ಬಂದರೆ ಕತ್ತರಿಸು. ಈ ಸಲ ಮೇಲಿನವರು ಹೇಳಿದರೂ ಸರಿ, ನಿನಗೇ ಸರಿಬೀಳದಿದ್ದರೂ ಸರಿ. ಆದರೆ ಕತ್ತರಿ ಹಿಡಿಯುವ ಮುಂಚೆ ನನ್ನ ಹತ್ತಿರ ಬಂದು ಕೂತು ಹೇಳು. ಬೇಕಾದರೆ ಅಳುತ್ತೇನೆ, ನೀನು ಅಲ್ಲೇ ಕೂತಿರು. ನಾನು ನಿನ್ನಲ್ಲಿ ಕೇಳುತ್ತಿರುವುದು ಇಷ್ಟೇ.

ಇನ್ನು ಆ ಕುಂಚದ ವಿಷಯ. ಅದು ದೊಡ್ಡದೇನಲ್ಲ. ಹಳೆಯ ಕಾಲದ ಕಟ್ಟಳೆ, ಈಗ ಯಾರು ನೋಡುತ್ತಾರೆ. ನಾನು ಬಂದು ಪೆಟಾರಿಯ ಮೇಲೆ ಕೂತಿರುತ್ತೇನೆ, ಆ ಟಿ.ವಿ.ಯವನನ್ನೇ ಇನ್ನೊಂದು ಸಲ ಕರೆಸಿ ಅವನ ಕೈಯಲ್ಲಿ ಮೊದಲ ಬಿಳಿ ಹಚ್ಚಿಸಿಬಿಡು. ನಾನು ಒಪ್ಪಿದೆ ಎಂದರೆ ಸೂಯುನ್ ಕೂಡ ಒಪ್ಪುತ್ತಾಳೆ. ನನ್ನ ಮುಖಕ್ಕೆ ನಿಮ್ಮ ಮೇಕಪ್ಪಿನವರು ಯಾರಾದರೂ ಬಣ್ಣ ಹಾಕಲಿ. ಅರವತ್ತನಾಲ್ಕು ವರ್ಷದ ಮುಖ, ಯಾರು ಬಳಿದರೂ ಒಂದೇ. ಈ ಬಗ್ಗೆ ಹೆಚ್ಚು ಮಾತು ಬೇಡ.

ಊಟ ಬಿಡಬೇಡ. ಹೊಳೆದಂಡೆಯಲ್ಲಿ ಎರಡೆರಡು ಗಂಟೆ ನಿಲ್ಲಬೇಡ, ನಿನ್ನ ಮೊಣಕಾಲಿಗೆ ತಣ್ಣನೆ ಗಾಳಿ ಆಗುವುದಿಲ್ಲ. ಬರುವಾಗ ಬಿದಿರಿನ ಮೊಳಕೆ ತರುತ್ತೇನೆ, ಈ ಸಲ ಉಪ್ಪು ಕಡಿಮೆ.

ಇನ್ನೂ ನಿನ್ನ ಹೆಂಡತಿ, ಹಾಗೂ ನಿನ್ನ ಹಿರಿಯಳು,
ಚ್ಯು ಹೆಹ್ವಾ

ಬಿಟ್ಟುಹೋದದ್ದು: ಇಲ್ಲಿಂದ ಮುಂದಿನದು ನನ್ನ ಮಾತು, ಲೌ ಸೂಯುನ್‌ಳದು. ಮೇಲಿನದು ಅವಳ ಮಾತು, ಅಕ್ಷರ ಮಾತ್ರ ನನ್ನದು. ನಮ್ಮೆಲ್ಲರ ಅಕ್ಷರ ತಿದ್ದಿದವನು ನೀನು, ಇದು ಹೆಹ್ವಾ ಬರೆದದ್ದಲ್ಲ ಎಂದು ಮೊದಲ ಸಾಲಿಗೇ ಗೊತ್ತಾಗಿರುತ್ತದೆ. ನಿನ್ನ ಶೂಟಿಂಗು ಹೇಗೂ ನಿಂತಿದೆಯಲ್ಲ ಎಂದು ಬೆಳಗ್ಗೆ ಬಸ್ಸು ಹತ್ತಿ ಬಂದೆ. ಅವಳು ಹೇಳುತ್ತ ಹೋ‌ದಳು, ನಾನು ಬರೆಯುತ್ತ ಹೋದೆ. ನನ್ನನ್ನು ಆಡಿಕೊಂಡದ್ದನ್ನೂ ಬರೆದಿದ್ದೇನೆ, ಎರಡು ಕಡೆ ಮಾತ್ರ ಬಿಟ್ಟಿದ್ದೇನೆ, ಅಲ್ಲಿ ಅತಿಯಾಯಿತು. ಈಗ ಅವಳು ಒಲೆ ನೋಡಲು ಒಳಗೆ ಹೋಗಿದ್ದಾಳೆ, ಬೇಗ ಮುಗಿಸಬೇಕು.

ಅವಳ ಬಲಗೈ ನಡುಗುತ್ತದೆ, ಯಾನ್‌ಚಿಂಗ್. ವಸಂತದ ಹಬ್ಬದ ಹೊತ್ತಿಗೆ ಶುರುವಾದದ್ದು. ವೈದ್ಯರು ಇನ್ನು ಕಡಿಮೆಯಾಗುವುದಿಲ್ಲ ಎಂದಿದ್ದಾರೆ. ಪೆನ್ನು ಹಿಡಿಯಲು ಆಗುವುದಿಲ್ಲ, ಚಹಾದ ಲೋಟವನ್ನು ಎರಡೂ ಕೈಯಲ್ಲಿ ಹಿಡಿಯುತ್ತಾಳೆ. ದಿನಾ ಬೆಳಗ್ಗೆ ಹಿಟ್ಟು ಕಲಸಿ, ಕನ್ನಡಿಯ ಮುಂದೆ ಕೂತು ಮೂಗಿನ ಮೇಲೆ ಬಿಳಿ ಹಚ್ಚಲು ನೋಡುತ್ತಾಳೆ. ಅದು ಕೆನ್ನೆಗೆ ಹೋಗುತ್ತದೆ. ನೀನು ಕರೆಯಲಿಲ್ಲ ಎಂಬ ಸಿಟ್ಟು ಪಾನ್ ಬಂದು ಹೋದ ಮೇಲೆ ಕರಗಿತು, ಈಗ ಇರುವುದು ಬರೀ ಹೆದರಿಕೆ. ಅದಕ್ಕೇ ಆ ಟಿ.ವಿ.ಯವನನ್ನು ಕರೆಸು ಎನ್ನುತ್ತಿದ್ದಾಳೆ. ಕರೆಸಬೇಡ. ನಾವು ಎಂಟು ಜನ ಒಪ್ಪುವುದಿಲ್ಲ.

ಮೊದಲ ಬಿಳಿಯನ್ನು ವಿದೂಷಕಿ ತನ್ನ ಕೈಯಿಂದಲೇ ಹಚ್ಚಬೇಕು, ನಮ್ಮ ಕಟ್ಟಳೆ ಅಷ್ಟೇ. ಆ ಕೈಯನ್ನು ಇನ್ನೊಬ್ಬರು ಹಿಡಿದುಕೊಳ್ಳಬಾರದು ಎಂದು ಯಾವ ಗುರುವೂ ನಮಗೆ ಹೇಳಿಲ್ಲ. ಬರುವ ಮುಂಚೆ ಎಲ್ಲರನ್ನೂ ಕೇಳಿಕೊಂಡೇ ಬಂದಿದ್ದೇನೆ. ಶನಿವಾರ ನಾವು ಹೊರಗೆ ಅಂಗಳದಲ್ಲಿ ಕೂತಿರುತ್ತೇವೆ, ಬಣ್ಣದ ಕೋಣೆಯಲ್ಲಿ ನೀವಿಬ್ಬರೇ. ಈ ಪತ್ರವನ್ನು ನಾಳೆ ನಿನ್ನ ಬಾಗಿಲಡಿ ತೂರಿಸಿ ಹೋಗುತ್ತೇನೆ, ನನ್ನನ್ನು ಹುಡುಕಿಕೊಂಡು ಬರಬೇಡ. ನಿನ್ನ ಮುಖ ನೋಡಿದರೆ ನನಗೆ ಅಳು ಬರುತ್ತದೆ, ಕಣ್ಣು ಊದಿಕೊಂಡರೆ ಬಣ್ಣ ಕೂರುವುದಿಲ್ಲ.

ಅವಳು ಕುಂಚ ಎತ್ತಿಕೊಂಡಾಗ ಮಣಿಕಟ್ಟು ಹಿಡಿ. ಬೈದರೆ ಬೈಸಿಕೋ, ಬಿಡಬೇಡ.